ಜನರೇಟರ್ ತಂದಾಯಿತು, ಅರ್ತ್ ಎಲ್ಲಿಗೆ ಕೊಡುವುದು?

ಜೂನ್ ಬಂತೆಂದರೆ ಈ ಪ್ರಶ್ನೆ ಶುರುವಾಗುತ್ತದೆ. "5 ಕೆವಿಎ ಜನರೇಟರ್ ತಗೊಂಡಿದ್ದೀವಿ. ಮನೆ ಲೈನಿಗೆ ಸೇರಿಸಬೇಕು. ಅರ್ತ್‌ಗೆ ಇನ್ನೊಂದು ಗುಂಡಿ ತೋಡಬೇಕಾ? ನ್ಯೂಟ್ರಲ್‌ಗೂ ಅರ್ತ್‌ಗೂ ಲಿಂಕ್ ಕೊಡಬೇಕಾ, ಬೇಡ್ವಾ?" ಕೇಳುವವರಲ್ಲಿ ಸಾಗರ, ತೀರ್ಥಹಳ್ಳಿ, ಶಿರಸಿ ಕಡೆಯವರೇ ಜಾಸ್ತಿ. ಮಳೆಗಾಳಿಗೆ ಮರ ಬಿದ್ದು ಲೈನ್ ಹೋದರೆ ಅಲ್ಲಿ ದಿನಗಟ್ಟಲೆ ಕರೆಂಟ್ ಇರುವುದಿಲ್ಲ. ಜನರೇಟರ್ ಇಲ್ಲದಿದ್ದರೆ ಬಾವಿಯ ನೀರೂ ಮೇಲೆ ಬರುವುದಿಲ್ಲ.

ವೈರಿಂಗ್ ಕೆಲಸವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಆದರೆ ಏನು ಮಾಡಿಸಬೇಕು, ಮಾಡಿದ್ದು ಸರಿ ಇದೆಯಾ ಎನ್ನುವುದು ನಿಮಗೂ ಗೊತ್ತಿರಬೇಕು. ಮನೆ ವೈರಿಂಗ್ ಅಚ್ಚುಕಟ್ಟಾಗಿ ಮಾಡುವವರು ಕೂಡ ಜನರೇಟರ್ ಅರ್ತಿಂಗ್‌ನಲ್ಲಿ ತಪ್ಪುವುದನ್ನು ನಾನು ಬಹಳ ಸಲ ನೋಡಿದ್ದೇನೆ. ಇದು ಜೀವದ ವಿಷಯ. ಹಾಗಾಗಿ ನಿಧಾನವಾಗಿ ಓದಿ.

ಇಲ್ಲಿ ಹೇಳುವುದೆಲ್ಲ ಸಿಂಗಲ್ ಫೇಸ್ ಮನೆ, 230 ವೋಲ್ಟಿನ 5 ಕೆವಿಎ ಸೆಟ್ ಎಂದು ಇಟ್ಟುಕೊಂಡು. ಆ ಸೆಟ್ ಕೊಡುವುದು ಹೆಚ್ಚೆಂದರೆ 21 ಆಂಪಿಯರ್ ಚಿಲ್ಲರೆ. ತ್ರೀ ಫೇಸ್ ಇರುವವರಿಗೆ ಬೇರೆ ಇರುವಲ್ಲಿ ಹೇಳುತ್ತೇನೆ.

ಮೊದಲು ಈ ಪದಗಳು

ಫೇಸ್ ಎಂದರೆ ಕರೆಂಟ್ ತರುವ ತಂತಿ, ನ್ಯೂಟ್ರಲ್ ಎಂದರೆ ಅದು ವಾಪಸ್ ಹೋಗುವ ತಂತಿ. ಅರ್ತಿಂಗ್ ಎಂದರೆ ಯಂತ್ರದ ಲೋಹದ ಮೈಯನ್ನು ತಂತಿಯ ಮೂಲಕ ನೆಲಕ್ಕೆ ಸೇರಿಸುವುದು. ಬಾಂಡಿಂಗ್ ಎಂದರೆ ಕೈಗೆ ಸಿಗುವ ಲೋಹದ ವಸ್ತುಗಳನ್ನೆಲ್ಲ ಒಂದಕ್ಕೊಂದು ಕಟ್ಟುವುದು. ಹಾಗೆ ಕಟ್ಟಿದರೆ ಒಂದು ಕೈ ಪೈಪಿನ ಮೇಲೆ, ಇನ್ನೊಂದು ಕೈ ಮೋಟರ್ ಮೇಲೆ ಇದ್ದರೂ ಎರಡರ ನಡುವೆ ಅಪಾಯದ ವೋಲ್ಟೇಜ್ ಇರುವುದಿಲ್ಲ. ಚೇಂಜ್‌ಓವರ್ ಸ್ವಿಚ್ ಮನೆಯನ್ನು ಕಂಬದ ಲೈನಿಗೆ ಅಥವಾ ಜನರೇಟರ್‌ಗೆ, ಎರಡರಲ್ಲಿ ಒಂದಕ್ಕೆ ಮಾತ್ರ ಸೇರಿಸುತ್ತದೆ. ಆರ್‌ಸಿಸಿಬಿ ಫೇಸ್‌ನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಎಂದು ನೋಡುತ್ತಿರುತ್ತದೆ. ಸ್ವಲ್ಪ ಸೋರಿದರೂ ಲೈನ್ ಕಡಿಯುತ್ತದೆ. ಎಂಸಿಬಿ ಸೋರಿಕೆಯನ್ನು ನೋಡುವುದಿಲ್ಲ. ಕರೆಂಟ್ ಮಿತಿ ಮೀರಿದಾಗ ಮಾತ್ರ ಬೀಳುತ್ತದೆ.

ಕರೆಂಟ್ ಹೊರಟಲ್ಲಿಗೇ ವಾಪಸ್ ಹೋಗಬೇಕು

ಈ ಭಾಗವನ್ನು ದಯವಿಟ್ಟು ದಾಟಿಸಿ ಹೋಗಬೇಡಿ.

ಸೋರಿದ ಕರೆಂಟ್ ಗುಂಡಿಗೆ ಇಳಿದು ಭೂಮಿಯಲ್ಲಿ ಕರಗಿ ಹೋಗುತ್ತದೆ ಎಂದು ನಮ್ಮಲ್ಲಿ ತುಂಬಾ ಜನ ನಂಬಿದ್ದಾರೆ. ಹಾಗಾಗುವುದಿಲ್ಲ. ಕರೆಂಟ್ ಎಲ್ಲಿಂದ ಹೊರಟಿತೋ ಅಲ್ಲಿಗೆ ಮರಳಲೇಬೇಕು. ದಾರಿ ಇಲ್ಲದಿದ್ದರೆ ಹರಿಯುವುದೇ ಇಲ್ಲ. ಕಂಬದ ಲೈನಿನಲ್ಲಿ ಮೂಲ ಎಂದರೆ ಊರಿನ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್. ಅದರ ನ್ಯೂಟ್ರಲನ್ನು ಅಲ್ಲೇ ನೆಲಕ್ಕೆ ಕೊಟ್ಟಿರುತ್ತಾರೆ. ನಿಮ್ಮ ಮೋಟರ್ ಮೈಗೆ ಫೇಸ್ ತಾಗಿದರೆ ಕರೆಂಟ್ ನಿಮ್ಮ ಗುಂಡಿಗಿಳಿದು, ಮಣ್ಣಿನಲ್ಲಿ ಹಾದು, ಟಿಸಿಯ ಗುಂಡಿ ಹತ್ತಿ, ನ್ಯೂಟ್ರಲ್ ಸೇರುತ್ತದೆ.

ಲೆಕ್ಕ ನೋಡಿ. ನಿಮ್ಮ ಗುಂಡಿಯ ತಡೆ 5 ಓಮ್ ಇದೆ ಎನ್ನೋಣ. ಮನೆಗೆ ಅದು ಒಳ್ಳೆಯ ಗುಂಡಿಯೇ. 230 ವೋಲ್ಟನ್ನು 5ರಿಂದ ಭಾಗಿಸಿದರೆ ಹೆಚ್ಚೆಂದರೆ 46 ಆಂಪಿಯರ್. ಆದರೆ 32 ಆಂಪಿಯರಿನ ಸಿ ಮಾದರಿ ಎಂಸಿಬಿ ತಕ್ಷಣ ಬೀಳಬೇಕಾದರೆ ಕನಿಷ್ಠ 160 ಆಂಪಿಯರ್ ಬೇಕು. 46ಕ್ಕೆ ಅದು ಬಹಳ ಹೊತ್ತು ಸುಮ್ಮನೆ ಕೂತಿರುತ್ತದೆ. ಅಷ್ಟು ಹೊತ್ತೂ ಮೋಟರಿನ ಮೈ ಶಾಕ್ ಹೊಡೆಯುತ್ತಲೇ ಇರುತ್ತದೆ. ಗುಂಡಿ ಎಷ್ಟೇ ಚೆನ್ನಾಗಿದ್ದರೂ ಜೊತೆಗೆ ಆರ್‌ಸಿಸಿಬಿ ಬೇಕು ಎನ್ನುವುದು ಇದಕ್ಕೇ.

ಈಗ ಜನರೇಟರ್‌ಗೆ ಬನ್ನಿ. ಇಲ್ಲಿ ಮೂಲ ಟಿಸಿ ಅಲ್ಲ, ನಿಮ್ಮ ಕೊಟ್ಟಿಗೆಯ ಪಕ್ಕದ ಆ ಯಂತ್ರ. ಎತ್ತಿ ಸಾಗಿಸುವ ಸಣ್ಣ ಸೆಟ್‌ಗಳಲ್ಲಿ ಸಾಮಾನ್ಯವಾಗಿ ಕರೆಂಟ್ ಹುಟ್ಟಿಸುವ ತಂತಿ ಸುರುಳಿಯ ಎರಡೂ ತುದಿಗಳನ್ನು ಮೈಗೆ ಸೇರಿಸಿರುವುದಿಲ್ಲ. ಇದನ್ನು ಫ್ಲೋಟಿಂಗ್ ನ್ಯೂಟ್ರಲ್ ಎನ್ನುತ್ತಾರೆ, ಅಂದರೆ ಎಲ್ಲಿಗೂ ಕಟ್ಟದೆ ತೇಲುತ್ತಿರುವ ನ್ಯೂಟ್ರಲ್. ಒಂದು ಬಲ್ಬು, ಒಂದು ಡ್ರಿಲ್ ಓಡಿಸಲು ಅದರಲ್ಲಿ ತೊಂದರೆಯಿಲ್ಲ. ಇಡೀ ಮನೆಗೆ ಸೇರಿಸಿದಾಗ ತೊಂದರೆ.

ಹೇಗೆ ಅಂದರೆ, ಮಳೆಯಲ್ಲಿ ನೆನೆದ ಪಂಪಿನಲ್ಲಿ ಫೇಸ್ ಮೈಗೆ ತಾಗಿತು. ಕರೆಂಟ್ ಅರ್ತ್ ತಂತಿಯಲ್ಲಿ ಇಳಿದರೂ ಜನರೇಟರ್‌ಗೆ ಮರಳುವ ದಾರಿ ಇಲ್ಲ. ಏನೂ ಬೀಳುವುದಿಲ್ಲ, ಯಾರಿಗೂ ಗೊತ್ತೇ ಆಗುವುದಿಲ್ಲ, ಪಂಪು ಓಡುತ್ತಲೇ ಇರುತ್ತದೆ. ಆದರೆ ಆ ಗಳಿಗೆಯಿಂದ ಮನೆಯ ನ್ಯೂಟ್ರಲ್ ತಂತಿ ನೆಲಕ್ಕೆ 230 ವೋಲ್ಟ್ ಆಗಿರುತ್ತದೆ. ಯಾರೋ ಹೋಲ್ಡರ್ ಬಿಚ್ಚಿ ನ್ಯೂಟ್ರಲ್ ಮುಟ್ಟಿದರು ಎನ್ನಿ. ಅವರ ಮೈಯೇ ಆ ಕಾಣೆಯಾಗಿದ್ದ ದಾರಿ. ಇನ್ನೂ ಭಯದ ಮಾತೆಂದರೆ, ಆರ್‌ಸಿಸಿಬಿ ಕಣ್ಣಿಗೆ ಹೋದದ್ದೂ ಬಂದದ್ದೂ ಸಮವಾಗಿಯೇ ಕಾಣುತ್ತದೆ. ಅದು ಬೀಳುವುದಿಲ್ಲ.

ಇದನ್ನು ತಪ್ಪಿಸಲು ಜನರೇಟರ್ ಕಡೆಯ ನ್ಯೂಟ್ರಲನ್ನು ಒಂದು ಕಡೆ ಅರ್ತ್‌ಗೆ ಸೇರಿಸಬೇಕು. ಎಲ್ಲಿ, ಹೇಗೆ ಎನ್ನುವುದು 5ನೇ ಹಂತದಲ್ಲಿದೆ. ಅದಕ್ಕೆ ಮುಂಚಿನ ನಾಲ್ಕು ಆಗದೆ ಅಲ್ಲಿಗೆ ಹೋಗಬೇಡಿ.

ಹಂತ 1: ನಿಮ್ಮ ಸೆಟ್ ಯಾವ ಬಗೆಯದು ನೋಡಿ

ಜನರೇಟರನ್ನು ಏನಕ್ಕೂ ಜೋಡಿಸದೆ ಚಾಲೂ ಮಾಡಿ. ಅದರ ಸಾಕೆಟ್‌ನ ಎರಡೂ ತೂತುಗಳಿಗೆ ಟೆಸ್ಟರ್ ಇಟ್ಟರೆ ಎರಡರಲ್ಲೂ ಮಂಕಾಗಿ ಉರಿದರೆ ಅದು ಬಹುಶಃ ಫ್ಲೋಟಿಂಗ್. ಖಚಿತಕ್ಕೆ ಮಲ್ಟಿಮೀಟರ್ ಬೇಕು. ಒಂದೊಂದು ಪಿನ್‌ನಿಂದ ಯಂತ್ರದ ಮೈಗೆ ಅಳೆಯಿರಿ. ಒಂದರಲ್ಲಿ 230, ಇನ್ನೊಂದರಲ್ಲಿ ಸೊನ್ನೆ ಬಂದರೆ ಕಂಪನಿಯವರೇ ಒಳಗೆ ಲಿಂಕ್ ಕೊಟ್ಟಿದ್ದಾರೆ. ಎರಡರಲ್ಲೂ ಅರ್ಧರ್ಧ, ನೂರು ಚಿಲ್ಲರೆ ವೋಲ್ಟ್, ಅಥವಾ ನಿಲ್ಲದೆ ಓಡಾಡುವ ಅಂಕಿ ಬಂದರೆ ಫ್ಲೋಟಿಂಗ್.

ಜನರೇಟರ್ ಆಫ್ ಮಾಡಿ ಮಲ್ಟಿಮೀಟರಿನ ಬೀಪ್ ಶಬ್ದವನ್ನಷ್ಟೇ ನಂಬಬೇಡಿ. ಫೇಸ್‌ಗೂ ನ್ಯೂಟ್ರಲ್‌ಗೂ ನಡುವೆ ಸುರುಳಿ ಇರುವುದರಿಂದ ಮೀಟರ್ ಅಲ್ಲೂ ಕೂಗುತ್ತದೆ. ಯಾವುದು ಯಾವುದು ಎಂದು ತಲೆಕೆಡುತ್ತದೆ.

ಸದ್ದು ಕಡಿಮೆ ಇರುವ ಇನ್ವರ್ಟರ್ ಮಾದರಿಯ ಪುಟ್ಟ ಜನರೇಟರ್‌ಗಳ ವಿಷಯ ಬೇರೆ. ಅವುಗಳ ಒಳಗೆ ಎಲೆಕ್ಟ್ರಾನಿಕ್ಸ್ ಇದೆ. ಕಂಪನಿಯ ಪುಸ್ತಕದಲ್ಲಿ ಲಿಂಕ್ ಕೊಡಬಹುದು ಎಂದು ಬರೆದಿದ್ದರೆ ಮಾತ್ರ ಕೊಡಿ. ಬರೆದಿಲ್ಲದಿದ್ದರೆ ಕಂಪನಿಯ ಸರ್ವಿಸ್‌ನವರನ್ನು ಕೇಳಿ.

ಹಂತ 2: ನ್ಯೂಟ್ರಲ್ ಕೂಡ ಕಡಿಯುವ ಚೇಂಜ್‌ಓವರ್ ತನ್ನಿ

ಸಿಂಗಲ್ ಫೇಸ್‌ಗೆ ಡಬಲ್ ಪೋಲ್ (ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವಂಥದ್ದು), ತ್ರೀ ಫೇಸ್‌ಗೆ ನಾಲ್ಕು ಪೋಲ್. ನಡುವೆ ಆಫ್ ಇರಬೇಕು. ಫೇಸ್ ಮಾತ್ರ ಬದಲಿಸುವ ಸ್ವಿಚ್ ಅಗ್ಗಕ್ಕೆ ಸಿಗುತ್ತದೆ. ಅದರಲ್ಲಿ ಕಂಬದ ನ್ಯೂಟ್ರಲೂ ಜನರೇಟರ್ ನ್ಯೂಟ್ರಲೂ ಯಾವಾಗಲೂ ಒಂದಕ್ಕೊಂದು ಸೇರಿಕೊಂಡೇ ಇರುತ್ತವೆ. ಅಂಥ ಕಡೆ ನೀವು ನ್ಯೂಟ್ರಲನ್ನು ಅರ್ತ್‌ಗೆ ಲಿಂಕ್ ಮಾಡಿದರೆ ಊರಿನ ಲೈನಿನ ನ್ಯೂಟ್ರಲನ್ನೇ ನಿಮ್ಮ ಗುಂಡಿಗೆ ಕಟ್ಟಿದ ಹಾಗೆ. ಕಂಬದ ಮೇಲೆ ನ್ಯೂಟ್ರಲ್ ಕಡಿದ ದಿನ ಅಕ್ಕಪಕ್ಕದ ಮನೆಗಳ ಕರೆಂಟ್ ನಿಮ್ಮ ಅರ್ತ್ ತಂತಿಯಲ್ಲಿ ಹರಿಯುತ್ತದೆ. ಹಾಗಾಗಿ ಆ ಸ್ವಿಚ್ ಇದ್ದರೆ ಮೊದಲು ಅದನ್ನು ಬದಲಿಸಿ, ಆಮೇಲೆ ಲಿಂಕ್ ಮಾತು.

ಸ್ವಿಚ್ ಸಾಮರ್ಥ್ಯವನ್ನು ಜನರೇಟರ್ ನೋಡಿ ಆರಿಸಬೇಡಿ. ಕಂಬದ ಲೈನ್ ಓಡುವಾಗಲೂ ಮನೆಯ ಇಡೀ ಲೋಡ್ ಅದರ ಮೂಲಕವೇ ಹೋಗುತ್ತದೆ. ಮೇನ್ ಎಂಸಿಬಿ 32 ಆಂಪಿಯರ್ ಆಗಿದ್ದರೆ ನಾನು 63 ಆಂಪಿಯರ್ ಸ್ವಿಚ್ ಹಾಕಿಸಿ ಎನ್ನುತ್ತೇನೆ. ಬಿಸಿಯಾಗುವ ಗೋಳು ಇರುವುದಿಲ್ಲ.

ಎರಡೂ ತುದಿಗೆ ಪ್ಲಗ್ ಇರುವ ವೈರ್ ಮಾಡಿ, ಒಂದು ತುದಿ ಜನರೇಟರ್‌ಗೆ, ಇನ್ನೊಂದು ತುದಿ ಮನೆಯ ಸಾಕೆಟ್‌ಗೆ ಚುಚ್ಚುವ ಅಭ್ಯಾಸ ಇನ್ನೂ ಇದೆ. ದಯವಿಟ್ಟು ಅದನ್ನು ಇವತ್ತೇ ಕತ್ತರಿಸಿ ಬಿಸಾಡಿ. ಮೇನ್ ಆಫ್ ಮಾಡುವುದು ಒಂದು ಸಲ ಮರೆತರೆ ನಿಮ್ಮ 230 ವೋಲ್ಟ್ ಮೀಟರ್ ದಾಟಿ ಟಿಸಿಗೆ ಹೋಗುತ್ತದೆ. ಟಿಸಿ ಎರಡೂ ಕಡೆಗೆ ಕೆಲಸ ಮಾಡುತ್ತದೆ. ಆ ಕಡೆ 11,000 ವೋಲ್ಟ್ ಎದ್ದು ನಿಲ್ಲಬಹುದು. ಮಳೆಯಲ್ಲಿ ನೆನೆಯುತ್ತ ನಿಮಗಾಗಿಯೇ ಲೈನ್ ಸರಿಮಾಡುತ್ತಿರುವ ಪವರ್‌ಮ್ಯಾನ್ ಆ ತಂತಿಯ ಮೇಲೆ ಕೈ ಇಟ್ಟಿರುತ್ತಾನೆ.

ತ್ರೀ ಫೇಸ್ ಮನೆಗೆ ಸಿಂಗಲ್ ಫೇಸ್ ಸೆಟ್ ಕೊಡುವಾಗ ಚೇಂಜ್‌ಓವರ್‌ನ ಜನರೇಟರ್ ಬದಿಯಲ್ಲಿ ಮೂರೂ ಫೇಸನ್ನು ಒಂದಕ್ಕೆ ಲೂಪ್ ಮಾಡುತ್ತಾರೆ. ಮಾಡಬಹುದು. ಆದರೆ ಆಗ ಮೂರೂ ಫೇಸಿನ ಕರೆಂಟ್ ಒಂದೇ ನ್ಯೂಟ್ರಲ್‌ನಲ್ಲಿ ವಾಪಸ್ ಬರುತ್ತದೆ ಎನ್ನುವುದು ನೆನಪಿರಲಿ. ತ್ರೀ ಫೇಸ್ ಮೋಟರಿನ ಸ್ವಿಚ್ ಆಫ್ ಆಗಿಯೇ ಇರಬೇಕು.

ಹಂತ 3: ಗುಂಡಿ

ಜನರೇಟರ್‌ಗೆ ಪ್ರತ್ಯೇಕ ಗುಂಡಿ ಬೇಕಾ? ಮನೆಯ ಗುಂಡಿ ಚೆನ್ನಾಗಿದ್ದು ಹತ್ತಿರದಲ್ಲಿದ್ದರೆ 5 ಕೆವಿಎ ಸೆಟ್‌ಗೆ ಅದೇ ಸಾಕು. ಸೆಟ್ ದೂರದ ಶೆಡ್ಡಿನಲ್ಲಿದ್ದರೆ ಅಲ್ಲೊಂದು ತೋಡಿಸಿ. ಆದರೆ ಎರಡೂ ಗುಂಡಿಗಳನ್ನು ತಂತಿಯಿಂದ ಅಥವಾ ಪಟ್ಟಿಯಿಂದ ಸೇರಿಸಲೇಬೇಕು. "ಜನರೇಟರ್ ಅರ್ತ್ ಬೇರೆ, ಮನೆ ಅರ್ತ್ ಬೇರೆ, ಒಂದಕ್ಕೊಂದು ತಾಗಬಾರದು" ಎಂದು ಕೆಲವರು ಹೇಳುತ್ತಾರೆ. ಅದನ್ನು ಕೇಳಬೇಡಿ. ಸೇರಿಸದಿದ್ದರೆ ಸೋರಿದ ಕರೆಂಟ್ ಮತ್ತೆ ಮಣ್ಣನ್ನೇ ದಾಟಬೇಕಾಗುತ್ತದೆ. ದೊಡ್ಡ ಡೀಸೆಲ್ ಸೆಟ್‌ಗಳಿಗೆ ಮೈಗೆ ಎರಡು, ನ್ಯೂಟ್ರಲ್‌ಗೆ ಎರಡು ಎಂದು ನಾಲ್ಕು ಗುಂಡಿ ತೋಡುವ ರೂಢಿ ಇದೆ. ಅಲ್ಲಿಯೂ ನಾಲ್ಕನ್ನೂ ಸೇರಿಸುವುದೇ ಸರಿ.

ಅರ್ತಿಂಗ್‌ಗೆ ನಮ್ಮ ದೇಶದ ಮಾನದಂಡ ಐಎಸ್ 3043. ಅದರಂತೆ ಪೈಪ್ ಅರ್ತ್‌ಗೆ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪ್ ಕನಿಷ್ಠ 38 ಮಿ.ಮೀ. ಒಳ ಅಳತೆಯದಿರಬೇಕು, ಉದ್ದ 2.5 ಮೀಟರ್. ಅಂಗಡಿಯಲ್ಲಿ 40 ಮಿ.ಮೀ. ಪೈಪ್ ಎಂದು ಕೇಳಿ. ಗೋಡೆಯಿಂದ ಒಂದೂವರೆ ಮೀಟರ್ ಆದರೂ ದೂರ ಇರಲಿ. ಎರಡು ಗುಂಡಿಗಳಿದ್ದರೆ ನಡುವೆ 5 ಮೀಟರ್ ಬಿಡಿ. ತೀರಾ ಹತ್ತಿರ ಇದ್ದರೆ ಎರಡೂ ಸೇರಿ ಒಂದೇ ಗುಂಡಿಯ ಕೆಲಸ ಮಾಡುತ್ತವೆ.

ಮಲೆನಾಡು, ಕರಾವಳಿಯ ಮುರಕಲ್ಲಿನ ನೆಲ ಮಳೆಗಾಲದಲ್ಲಿ ಒಳ್ಳೆಯ ಅಂಕಿ ತೋರಿಸಿ ಮಾರ್ಚ್ ಏಪ್ರಿಲ್‌ನಲ್ಲಿ ಕೈಕೊಡುತ್ತದೆ. ಆದ್ದರಿಂದ ಅಲ್ಲಿ ಅಳೆಯುವುದನ್ನು ಬೇಸಿಗೆಯಲ್ಲಿ ಮಾಡಿಸಿ. ಬಯಲುಸೀಮೆಯ ಎರೆಮಣ್ಣು ಕರೆಂಟ್ ಚೆನ್ನಾಗಿ ಹರಿಸುತ್ತದೆ, ಆದರೆ ಬಿಸಿಲಿಗೆ ಬಿರುಕು ಬಿಟ್ಟು ಪೈಪಿನಿಂದ ದೂರ ಸರಿಯುತ್ತದೆ. ಉಪ್ಪು, ಇದ್ದಿಲು ತುಂಬುವ ಹಳೆಯ ಪದ್ಧತಿ ಕೆಲಸ ಮಾಡುತ್ತದೆ, ಆದರೆ ಉಪ್ಪು ಪೈಪನ್ನು ತಿನ್ನುತ್ತದೆ. ಈಗ ಬೆಂಟೊನೈಟ್ ಜೇಡಿಪುಡಿ ಸಿಗುತ್ತದೆ. ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಪೈಪೂ ಉಳಿಯುತ್ತದೆ. ಸ್ವಲ್ಪ ದುಡ್ಡು ಜಾಸ್ತಿಯಾದರೂ ನನ್ನ ಮತ ಅದಕ್ಕೇ.

ನಲ್ಲಿ ಪೈಪಿಗೆ ಅರ್ತ್ ಕಟ್ಟಿ ಆಯಿತು ಎನ್ನಬೇಡಿ. ನಡುವೆ ಎಲ್ಲೋ ಒಂದು ಕಡೆ ಪಿವಿಸಿ ಇರುತ್ತದೆ. ಕಂಬದಿಂದ ಬಂದ ನ್ಯೂಟ್ರಲನ್ನೇ ಅರ್ತ್ ಎಂದು ಬಳಸುವುದಂತೂ ಎಂದಿಗೂ ಬೇಡ. ನ್ಯೂಟ್ರಲ್ ಕಡಿದ ಕ್ಷಣ ಫ್ರಿಡ್ಜು, ಮಿಕ್ಸಿ, ಗೀಸರ್ ಎಲ್ಲದರ ಮೈಯೂ ಜೀವಂತ ತಂತಿಯಾಗುತ್ತದೆ.

ಹಂತ 4: ಎಲ್ಲ ಲೋಹವನ್ನೂ ಒಂದೇ ಪಟ್ಟಿಗೆ

ಮೇನ್ ಬೋರ್ಡಿನ ಪಕ್ಕ ತಾಮ್ರದ ಒಂದು ಅರ್ತ್ ಬಾರ್ ಹಾಕಿಸಿ. ಗುಂಡಿಯ ತಂತಿ, ಮನೆಯ ಅರ್ತ್ ತಂತಿಗಳು, ಚೇಂಜ್‌ಓವರ್‌ನ ಕಬ್ಬಿಣದ ಪೆಟ್ಟಿಗೆ, ಜನರೇಟರ್ ಮೈ, ಹತ್ತಿರ ಇರುವ ಲೋಹದ ನೀರಿನ ಪೈಪು, ಡೀಸೆಲ್ ಟ್ಯಾಂಕು, ಹೊಗೆ ಕೊಳವೆ ಎಲ್ಲವೂ ಅಲ್ಲಿಗೇ ಬರಲಿ. ಜನರೇಟರ್ ಕೇಬಲ್ 4 ಚದರ ಮಿ.ಮೀ. ತಾಮ್ರದ್ದಾದರೆ ಅರ್ತ್ ತಂತಿಯೂ 4ರದ್ದೇ ಇರಲಿ, ಹಸಿರು ಬಣ್ಣದ್ದು. ನೆಲದೊಳಗೆ ಹೋಗುವ ಭಾಗಕ್ಕೆ 25×3 ಮಿ.ಮೀ. ಜಿಐ ಪಟ್ಟಿ ಬಾಳಿಕೆ ಬರುತ್ತದೆ.

ಒಂದು ಜಾಗವನ್ನು ಬಗ್ಗಿ ನೋಡಿ. ಎಂಜಿನ್ ಮತ್ತು ಆಲ್ಟರ್ನೇಟರ್ (ಕರೆಂಟ್ ಹುಟ್ಟಿಸುವ ಭಾಗ) ಕಂಪನ ತಡೆಯಲೆಂದು ಕಪ್ಪು ರಬ್ಬರ್ ಬುಶ್ ಮೇಲೆ ಕೂತಿರುತ್ತವೆ. ಹೊರಗಿನ ಚೌಕಟ್ಟಿಗೆ ಅರ್ತ್ ಕೊಟ್ಟರೂ ಆ ರಬ್ಬರ್ ಇರುವುದರಿಂದ ಒಳಗಿನ ಆಲ್ಟರ್ನೇಟರ್ ಮೈಗೆ ಅದು ತಲುಪಿರಲಿಕ್ಕಿಲ್ಲ. ಎರಡರ ನಡುವೆ ಹೆಣೆದ ತಾಮ್ರದ ಪಟ್ಟಿ ಇದೆಯಾ ನೋಡಿ, ಇಲ್ಲದಿದ್ದರೆ ಹಾಕಿಸಿ. ಅರ್ತ್ ಬೋಲ್ಟ್ ಹಾಕುವ ಕಡೆ ಬಣ್ಣವನ್ನು ಕೆರೆದು ಲೋಹ ಹೊಳೆಯುವಂತೆ ಮಾಡಿ, ತಂತಿಯ ತುದಿಗೆ ಲಗ್ (ಬೋಲ್ಟ್ ಕೂರುವ ಲೋಹದ ಬಳೆ) ಒತ್ತಿಸಿ, ಹಲ್ಲಿರುವ ವಾಷರ್ ಹಾಕಿ ಬಿಗಿ ಮಾಡಿ, ಮೇಲೆ ಗ್ರೀಸ್ ಸವರಿ. ಬಣ್ಣದ ಮೇಲೆಯೇ ಬಿಗಿದ ಅರ್ತ್ ಬೋಲ್ಟ್ ನೋಡಲು ಚೆಂದ, ಕೆಲಸಕ್ಕೆ ಬಾರದು.

ಹಂತ 5: ನ್ಯೂಟ್ರಲ್–ಅರ್ತ್ ಲಿಂಕ್, ಒಂದೇ ಕಡೆ

ಹಂತ 1ರಲ್ಲಿ ಫ್ಲೋಟಿಂಗ್ ಎಂದು ಗೊತ್ತಾಗಿದ್ದರೆ, ಹಂತ 2ರ ಸ್ವಿಚ್ ನ್ಯೂಟ್ರಲ್ ಕಡಿಯುವಂಥದ್ದಾಗಿದ್ದರೆ ಮಾತ್ರ ಇದನ್ನು ಮಾಡಿಸಿ.

ಜನರೇಟರ್ ಕೇಬಲ್ ಬಂದು ಸೇರುವ ಗೋಡೆಯ ಪೆಟ್ಟಿಗೆಯಲ್ಲಿ, ಅಂದರೆ ಚೇಂಜ್‌ಓವರ್‌ಗಿಂತ ಮೊದಲು, ಜನರೇಟರ್ ನ್ಯೂಟ್ರಲ್‌ನಿಂದ ಅರ್ತ್ ಬಾರ್‌ಗೆ ಒಂದು ತಂತಿ. ನ್ಯೂಟ್ರಲ್ ಎಷ್ಟು ದಪ್ಪವೋ ಅಷ್ಟೇ ದಪ್ಪದ್ದು. ಇಷ್ಟೇ ಲಿಂಕ್ ಎಂದರೆ. ಯಂತ್ರದ ಒಳಗೆ ಮಾಡುವುದಕ್ಕಿಂತ ಈ ಪೆಟ್ಟಿಗೆಯಲ್ಲಿ ಮಾಡುವುದು ನನಗೆ ಇಷ್ಟ. ಸೆಟ್ಟನ್ನು ತೋಟಕ್ಕೋ ಪೂಜೆಯ ಚಪ್ಪರಕ್ಕೋ ಒಯ್ದಾಗ ಅದು ಕಂಪನಿ ಕೊಟ್ಟ ಹಾಗೆಯೇ ಇರುತ್ತದೆ.

ಈಗ ಪಂಪಿನ ಮೈಗೆ ಫೇಸ್ ತಾಗಿದರೆ ಕರೆಂಟ್ ಅರ್ತ್ ತಂತಿ, ಬಾರ್, ಲಿಂಕ್ ದಾಟಿ ಜನರೇಟರ್ ಸೇರುತ್ತದೆ. ಪೂರ್ತಿ ದಾರಿ ತಾಮ್ರ. ಆರ್‌ಸಿಸಿಬಿ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಬೀಳುತ್ತದೆ.

ಬೋರ್ಡಿನಲ್ಲಿ ಇನ್ನೊಂದು ಕಡೆಯೂ ಲಿಂಕ್ ಇದ್ದರೆ ಕೆಟ್ಟಿತು. ಆರ್‌ಸಿಸಿಬಿ ಆದಮೇಲೆ ನ್ಯೂಟ್ರಲ್ ಎಲ್ಲಾದರೂ ಅರ್ತ್‌ಗೆ ತಾಗಿದರೆ ಅದು ಕಾರಣವಿಲ್ಲದೆ ಬೀಳುತ್ತಿರುತ್ತದೆ. ಬೇಸತ್ತು ಯಾರೋ ಅದನ್ನು ಬೈಪಾಸ್ ಮಾಡುತ್ತಾರೆ. "ಜನರೇಟರ್ ಹಾಕಿದಾಗಲೆಲ್ಲ ಬೀಳುತ್ತೆ" ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಇದೇ. ಇಲ್ಲವೇ ಇನ್ವರ್ಟರ್ ಹಾಕುವಾಗ ಒಂದು ಸರ್ಕ್ಯೂಟಿನ ನ್ಯೂಟ್ರಲನ್ನು ಇನ್ನೊಂದಕ್ಕೆ ಬೆರೆಸಿರುತ್ತಾರೆ. ಬೈಪಾಸ್ ಮಾಡಬೇಡಿ. ಹುಡುಕಿಸಿ, ತೆಗೆಸಿ.

ಹಂತ 6: ಆರ್‌ಸಿಸಿಬಿ, ಎಂಸಿಬಿ

30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಚೇಂಜ್‌ಓವರ್ ಆದಮೇಲೆ ಬರಲಿ. ಆಗ ಲೈನ್ ಯಾವುದೇ ಇದ್ದರೂ ಮನೆಗೆ ಕಾವಲು ಇರುತ್ತದೆ. 100 ಅಥವಾ 300 ಎಂದು ಬರೆದಿರುವುದು ಮನುಷ್ಯರನ್ನು ಉಳಿಸಲು ಸಾಲದು. ಜನರೇಟರ್‌ನಿಂದ ಚೇಂಜ್‌ಓವರ್‌ವರೆಗಿನ ಕೇಬಲ್‌ಗೆ ಈ ಕಾವಲು ಇರುವುದಿಲ್ಲ. ಅದನ್ನು ಗಟ್ಟಿ ಕೊಳವೆಯಲ್ಲಿ ಹಾಯಿಸಿ, ಇಲ್ಲವೇ ಆರ್ಮರ್ಡ್ ಕೇಬಲ್ ಹಾಕಿಸಿ ಅದರ ಲೋಹದ ಹೊದಿಕೆಯನ್ನೂ ಅರ್ತ್ ಬಾರ್‌ಗೆ ಸೇರಿಸಿ.

ಸಣ್ಣ ಜನರೇಟರ್ ಶಾರ್ಟ್ ಆದಾಗ ಟಿಸಿಯಷ್ಟು ಕರೆಂಟ್ ನುಗ್ಗಿಸಲಾರದು. ಸಿ ಮಾದರಿಯ 20 ಆಂಪಿಯರ್ ಎಂಸಿಬಿಗೆ ತಕ್ಷಣ ಬೀಳಲು 100ರಿಂದ 200 ಬೇಕು. ಬಿ ಮಾದರಿಗೆ 60ರಿಂದ 100 ಸಾಕು. ಜನರೇಟರ್ ಕಡೆಗೆ ಬಿ ಮಾದರಿ ಕೇಳಿ. ಮೋಟರ್ ಚಾಲೂ ಆಗುವಾಗ ಅದು ಬಿದ್ದರೆ ಮೋಟರ್ ಆ ಸೆಟ್‌ಗೆ ದೊಡ್ಡದಾಯಿತೇನೋ, ಅದನ್ನೂ ನೋಡಿ.

ಹಂತ 7: ನಿಮ್ಮ ಎದುರೇ ಪರೀಕ್ಷೆ ಮಾಡಿಸಿ

ಎಲೆಕ್ಟ್ರಿಷಿಯನ್ ಹೊರಡುವ ಮುಂಚೆ ಇವಿಷ್ಟು ಆಗಲಿ.

ಎಲ್ಲ ಆಫ್ ಇದ್ದಾಗ ಆಲ್ಟರ್ನೇಟರ್ ಮೈಯಿಂದ ಅರ್ತ್ ಬಾರ್‌ಗೆ, ದೂರದ ಪಂಪಿನ ಮೈಯಿಂದ ಅರ್ತ್ ಬಾರ್‌ಗೆ ಮಲ್ಟಿಮೀಟರ್ ಸೊನ್ನೆಯ ಹತ್ತಿರ ತೋರಿಸಬೇಕು. ಗುಂಡಿಯನ್ನು ಅರ್ತ್ ಟೆಸ್ಟರ್‌ನಿಂದಲೇ ಅಳೆಯಬೇಕು, ಅಂದರೆ ನೆಲಕ್ಕೆ ಎರಡು ಮೊಳೆ ಹೊಡೆದು ಅಳೆಯುವ ಸಾಧನ. ಫೇಸ್‌ಗೂ ಗುಂಡಿಗೂ 100 ವ್ಯಾಟ್ ಬಲ್ಬು ಹಾಕಿ "ನೋಡಿ, ಚೆನ್ನಾಗಿ ಉರೀತಿದೆ" ಎನ್ನುವುದು ಪರೀಕ್ಷೆಯೇ ಅಲ್ಲ. ಆ ಬಲ್ಬಿಗೆ ಬೇಕಾಗಿರುವುದು ಅರ್ಧ ಆಂಪಿಯರಿಗಿಂತ ಕಡಿಮೆ. 50 ಓಮಿನ ಕೆಟ್ಟ ಗುಂಡಿಯಲ್ಲೂ ಅದು ಉರಿಯುತ್ತದೆ.

ಆಮೇಲೆ ಜನರೇಟರ್ ಚಾಲೂ. ಮನೆಯ ಸಾಕೆಟ್‌ನಲ್ಲಿ ಫೇಸ್–ನ್ಯೂಟ್ರಲ್ ಸುಮಾರು 230, ಫೇಸ್–ಅರ್ತ್ ಸುಮಾರು 230, ನ್ಯೂಟ್ರಲ್–ಅರ್ತ್ ಒಂದೆರಡು ವೋಲ್ಟ್. ನ್ಯೂಟ್ರಲ್–ಅರ್ತ್ ನಡುವೆ ನೂರರ ಆಸುಪಾಸು ಬಂದರೆ ಲಿಂಕ್ ಕೂತಿಲ್ಲ.

ಈಗ ಆರ್‌ಸಿಸಿಬಿ. ಅದರ ಮೇಲಿರುವ ಟೆಸ್ಟ್ ಬಟನ್ ಒತ್ತಿದರೆ ಬೀಳುತ್ತದೆ, ಎಲ್ಲರೂ ಸಮಾಧಾನದಿಂದ ಹೊರಡುತ್ತಾರೆ. ಆದರೆ ಆ ಬಟನ್ ಫೇಸ್‌ನಿಂದ ನ್ಯೂಟ್ರಲ್‌ಗೆ ತನ್ನೊಳಗೇ ಸ್ವಲ್ಪ ಕರೆಂಟ್ ಸುತ್ತುಹಾಕಿಸಿ ಬೀಳಿಸುತ್ತದೆ. ಅರ್ತ್ ತಂತಿ ಇಲ್ಲದಿದ್ದರೂ, ಲಿಂಕ್ ಇಲ್ಲದಿದ್ದರೂ ಬೀಳುತ್ತದೆ. ಆರ್‌ಸಿಸಿಬಿ ಚೆನ್ನಾಗಿದೆ ಎಂದಷ್ಟೇ ಅದರಿಂದ ಗೊತ್ತಾಗುವುದು. ಜನರೇಟರ್ ಮೇಲೆ ಮನೆಗೆ ನಿಜವಾಗಿ ರಕ್ಷಣೆ ಇದೆಯಾ ಎಂದು ತಿಳಿಯಲು ಸಾಕೆಟ್‌ಗೆ ಚುಚ್ಚುವ ಆರ್‌ಸಿಸಿಬಿ ಟೆಸ್ಟರ್ ಬೇಕು. ಅದು ಫೇಸ್‌ನಿಂದ ಅರ್ತ್‌ಗೆ ಅಳತೆಯ ಕರೆಂಟ್ ಸೋರಿಸುತ್ತದೆ. ಕಂಬದ ಲೈನಿನಲ್ಲಿ ಒಂದು ಸಲ, ಜನರೇಟರ್‌ನಲ್ಲಿ ಒಂದು ಸಲ, ಎರಡರಲ್ಲೂ ಬೀಳಬೇಕು.

ಕೊನೆಗೆ ಕಂಬದಲ್ಲಿ ಕರೆಂಟ್ ಇಲ್ಲದ ಹೊತ್ತಿನಲ್ಲಿ ಜನರೇಟರ್ ಓಡಿಸಿ, ಚೇಂಜ್‌ಓವರ್‌ನ ಕಂಬದ ಬದಿಯ ಎರಡೂ ಟರ್ಮಿನಲ್ ಅಳೆಯಿಸಿ. ಅಲ್ಲಿ ಏನೂ ಇರಬಾರದು.

ಹಂತ 8: ಮಳೆಗಾಲಕ್ಕೆ ಮುಂಚೆ, ಪ್ರತಿ ವರ್ಷ

ಮೇ ತಿಂಗಳಲ್ಲಿ ಒಂದು ಸಲ ಗುಂಡಿ ಅಳೆಸಿ, ಅಂಕಿಯನ್ನು ತಾರೀಖಿನ ಜೊತೆ ಬೋರ್ಡ್ ಬಾಗಿಲ ಒಳಗೆ ಬರೆಯಿರಿ. ಹೋದ ವರ್ಷ 4 ಇದ್ದದ್ದು ಈಗ 12 ಆಗಿದ್ದರೆ ಪೈಪೋ ಕ್ಲಾಂಪೋ ತುಕ್ಕು ಹಿಡಿದಿರಬಹುದು. ಬೋಲ್ಟ್‌ಗಳನ್ನು ಬಿಗಿ ಮಾಡಿ. ಆಲ್ಟರ್ನೇಟರ್ ರಿಪೇರಿಗೆ ಹೋಗಿ ಬಂದರೆ ಹಂತ 1 ಮತ್ತೆ ಮಾಡಿಸಿ. ಸುರುಳಿ ಕಟ್ಟಿದವರು ತುದಿ ಅದಲುಬದಲು ಮಾಡಿರಬಹುದು.

ಸೆಟ್ಟನ್ನು ಮನೆಯೊಳಗೆ, ಜಗುಲಿಯಲ್ಲಿ, ಕಿಟಕಿ ಪಕ್ಕ ಓಡಿಸಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ದೊಡ್ಡ ಸೆಟ್ ಹಾಕಿಸುವವರು ವಿದ್ಯುತ್ ಪರಿವೀಕ್ಷಣಾಲಯದ ಅನುಮತಿಯ ಬಗ್ಗೆ ಕಾಂಟ್ರಾಕ್ಟರ್ ಹತ್ತಿರ ಮೊದಲೇ ಕೇಳಿ. ಕಂಬ ಬಿದ್ದದ್ದು, ತಂತಿ ಜೋತುಬಿದ್ದದ್ದು ಕಂಡರೆ ಹತ್ತಿರ ಹೋಗದೆ 1912ಕ್ಕೆ ಫೋನ್ ಮಾಡಿ.

ಇನ್ನೊಂದು ಕೆಲಸ ಉಳಿದಿದೆ. ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಹೀಗೆ ಬರೆದು ಚೇಂಜ್‌ಓವರ್ ಪಕ್ಕ ಅಂಟಿಸಿ: "ಮೊದಲು ಸ್ವಿಚ್ ನಡುವಿನ ಆಫ್‌ಗೆ. ಜನರೇಟರ್ ಚಾಲೂ ಮಾಡಿ 2 ನಿಮಿಷ ಬಿಡಿ. ಆಮೇಲೆ ಸ್ವಿಚ್ ಜನರೇಟರ್ ಕಡೆಗೆ. ನಿಲ್ಲಿಸುವಾಗ ಮೊದಲು ಸ್ವಿಚ್ ಆಫ್‌ಗೆ, ಆಮೇಲೆ ಎಂಜಿನ್." ನೀವು ಊರಲ್ಲಿಲ್ಲದ ರಾತ್ರಿ ಟಾರ್ಚ್ ಹಿಡಿದು ಅಲ್ಲಿ ನಿಲ್ಲುವುದು ಮನೆಯ ಇನ್ಯಾರೋ.